ಎಂಜಿನ್ ನಿಲ್ಲಿಸಿದವನು ಯಾರು

ನವೆಂಬರ್ 26

ಬರೆಯುವ ಚಟ ನನಗಿಲ್ಲ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟು ಕುದುರೆ ಮಂದೆಯ ಹಿಂದೆ ಹೋದವನು. ಆಮೇಲೆ ಲಾರಿ ಹತ್ತಿದೆ, ಇಳಿಯಲಿಲ್ಲ. ಈಗ ಬರೆಯುತ್ತಿರುವುದು ಸಾಕ್ಷಿಗೆ. ಕಳ್ಳ ಸಿಕ್ಕ ದಿನ ಯಾರಾದರೂ ‘ಯಾವಾಗ, ಹೇಗೆ’ ಎಂದು ಕೇಳಿದರೆ ಮುಖಕ್ಕೆ ಹಿಡಿಯಲು ಇರಲಿ.

ಇವತ್ತು ಬೆಳಿಗ್ಗೆ ಎಚ್ಚರವಾದಾಗ ಅಂಗಳದಲ್ಲಿ ಎಂಜಿನ್ ಸದ್ದಿಲ್ಲ.

ಯಾನಾ ನದಿ ಹೆಪ್ಪುಗಟ್ಟಿದ ದಿನ ಸ್ಟಾರ್ಟ್ ಮಾಡಿದ ಎಂಜಿನ್ ಅದು. ಏಪ್ರಿಲ್ ತನಕ ಆಫ್ ಮಾಡುವ ಮಾತೇ ಇಲ್ಲ. ಹಗಲೂ ರಾತ್ರಿ ಗುರ್ ಎನ್ನುತ್ತಲೇ ಇರಬೇಕು. ಈ ಚಳಿಯಲ್ಲಿ ಒಮ್ಮೆ ತಣ್ಣಗಾಯಿತೋ, ಆಯಿಲ್ ಮೇಣ, ಡೀಸೆಲ್ ಗಂಜಿ, ಬ್ಯಾಟರಿ ಸತ್ತ ಮೀನು. ಪಕ್ಕದ ಮನೆಯ ಸ್ಪಿರಿದೋನನಿಗೆ ಒಲೆ ಇರುವ ಗ್ಯಾರೇಜಿದೆ, ಅವನು ಬೇಕಾದರೆ ಆಫ್ ಮಾಡಿ ಮಲಗಲಿ. ನನ್ನ ಲಾರಿ ಅಂಗಳದಲ್ಲೇ ನಿಲ್ಲುತ್ತದೆ, ಬಾನೆಟ್ಟಿಗೆ ಹಳೆಯ ಕುದುರೆ ಚರ್ಮದ ಹೊದಿಕೆ ಹೊದ್ದು.

ಬೂಟು ಅದಲುಬದಲಾಗಿ ಹಾಕಿಕೊಂಡು ಓಡಿದೆ. ಹೋಗಿ ನೋಡಿದರೆ ಸೈಲೆನ್ಸರಿನಿಂದ ಹೊಗೆ ಬರುತ್ತಿದೆ. ಹೊದಿಕೆಗೆ ಕೈ ಇಟ್ಟರೆ ನಡುಗುತ್ತಿದೆ. ಎಂಜಿನ್ ಓಡುತ್ತಿದೆ.

ಇದರರ್ಥ ಒಂದೇ. ಯಾರೋ ನಿಲ್ಲಿಸಿದ್ದಾನೆ. ನಾನು ಎದ್ದ ಸುಳಿವು ಸಿಕ್ಕ ಕೂಡಲೇ ಮತ್ತೆ ಸ್ಟಾರ್ಟ್ ಮಾಡಿ ಓಡಿಹೋಗಿದ್ದಾನೆ.

ಯಾಕೆ ಎಂದು ಯೋಚಿಸಲು ದೊಡ್ಡ ಬುದ್ಧಿ ಬೇಡ. ಈ ಊರಿನ ಹಿಟ್ಟು, ಚಹಾ, ಸಕ್ಕರೆ ಎಲ್ಲ ಹಿಮದ ದಾರಿಯಲ್ಲಿ ನನ್ನ ಲಾರಿಯಲ್ಲೇ ಬರಬೇಕು. ಅಂಗಡಿಯ ವರ್ವಾರಾ ಅಕ್ಟೋಬರ್‌ನಲ್ಲೇ ಹೇಳಿಬಿಟ್ಟಿದ್ದಾಳೆ: “ಒಪನಾಸಣ್ಣ, ಈ ಚಳಿಗಾಲ ಗಾಡಿ ಒಂದ್ಸಲ ದಾರೀಲಿ ನಿಂತ್ರೂ ಕೆಲಸ ಬೇರೆಯವ್ರಿಗೆ ಹೋಗತ್ತೆ. ವಯಸ್ಸಾಯ್ತು ನಿಮ್ಗೆ.” ಅಂಥ ಬೇರೆಯವರು ಕಾಯುತ್ತಿದ್ದಾರೆ. ನಮಗೆ ಮಕ್ಕಳಿಲ್ಲ. ಇರುವುದು ಈ ಲಾರಿ ಒಂದು. ಅದನ್ನು ಕಿತ್ತುಕೊಂಡರೆ ನಾನು ಒಲೆ ಮುಂದೆ ಕೂತು ಕೆಮ್ಮುವ ಮುದುಕ.

ನವೆಂಬರ್ 29

ಅನುಮಾನ ಒಂದು: ಸ್ಪಿರಿದೋನ್. ಇಪ್ಪತ್ತು ವರ್ಷ ನನ್ನ ಜೊತೆ ಓಡಿಸಿದವನು. ಮೀನಿನ ಬಲೆ ವಿಷಯಕ್ಕೆ ಜಗಳವಾಗಿ ಮಾತು ಬಿಟ್ಟು ಮೂರನೇ ಚಳಿಗಾಲ ಇದು.

ಅನುಮಾನ ಎರಡು: ಗಾವ್ರಿಲ್. ಹೆಂಡತಿ ಮೋತ್ಯಾಳ ತಂಗಿಯ ಮಗ. ಹೋದ ವರ್ಷ ಬಂದವನು ನನ್ನ ಮನೆಯಲ್ಲೇ ಉಳಿದಿದ್ದಾನೆ, ಲಾರಿಯಲ್ಲಿ ಎರಡನೇ ಡ್ರೈವರ್. ಮೂವತ್ತೈದು ವರ್ಷ, ಮದುವೆ ಇಲ್ಲ, ತಿನ್ನುವುದು ಎರಡಾಳಿನದು. ದೊಡ್ಡಪ್ಪ ದೊಡ್ಡಪ್ಪ ಎನ್ನುತ್ತಾ ಸುತ್ತುತ್ತಾನೆ. ಇಷ್ಟು ವಿನಯ ಇದ್ದವನ ಹೊಟ್ಟೆಯಲ್ಲಿ ಏನಾದರೂ ಇದ್ದೇ ಇರುತ್ತದೆ.

ನಾಯಿ ಮೊಯ್ತುರುಕ್ ಈಗೀಗ ಬೊಗಳುವುದಿಲ್ಲ. ಇವತ್ತು ಅಂಚೆಯವಳು ಬಂದಳು, ಅದು ಬಾಯಿ ತೆಗೆದು ಮುಚ್ಚಿ ತೆಗೆದು ಮುಚ್ಚಿ ಮಾಡಿತು, ಸದ್ದು ಮಾತ್ರ ಇಲ್ಲ. ಯಾರೋ ಏನೋ ತಿನ್ನಿಸಿ ಪಳಗಿಸಿದ್ದಾರೆ.

ಡಿಸೆಂಬರ್ 2

ಒಲೆಯ ಬೂದಿ ತಂದು ಲಾರಿಯ ಸುತ್ತ ತೆಳ್ಳಗೆ ಎರಚಿದ್ದೆ. ಬೆಳಿಗ್ಗೆ ನೋಡಿದರೆ ಒಂದೇ ಜೋಡಿ ಹೆಜ್ಜೆ. ಎಡಗಾಲಿನ ಹಿಮ್ಮಡಿ ಸವೆದ ಗುರುತು. ಅದು ನನ್ನ ಬೂಟು.

ಅಂದರೆ ಅವನು ನನ್ನ ಬೂಟು ಹಾಕಿಕೊಂಡು ಬರುತ್ತಾನೆ. ಸಣ್ಣ ಕಳ್ಳನಲ್ಲ ಇವನು.

ಇನ್ನು ಮೇಲೆ ಬೂಟು ದಿಂಬಿನ ಕೆಳಗೆ. ಮೋತ್ಯಾ ಮೂಗು ಮುಚ್ಚಿಕೊಂಡಳು. ಮುಚ್ಚಿಕೊಳ್ಳಲಿ.

ಡಿಸೆಂಬರ್ 4

ಈ ಮನೆಯಲ್ಲಿ ಈಗ ಎರಡೇ ತರದ ಮಾತು. ಒಂದು ಕಿರುಚಾಟ, ಇಲ್ಲವಾದರೆ ಗುಸುಗುಸು. ನಡುವಿನದೆಂಬುದೇ ಇಲ್ಲ. ನಾನು ಕುಡಿಯುವ ನೀರಿಗೆ ಕರಗಿಸುವ ಮಂಜುಗಡ್ಡೆ ಹೊತ್ತು ಅಡುಗೆಮನೆಗೆ ಬಂದರೆ ಇಬ್ಬರೂ ತುಟಿ ಆಡಿಸುತ್ತಿದ್ದರು.

“ಏನು ಗುಸುಗುಸು?” ಎಂದೆ.

ಮೋತ್ಯಾ ಕೈಯಲ್ಲಿದ್ದ ಸೌಟು ಎತ್ತಿದಳು. “ಗುಸುಗುಸು ಎಲ್ಲಿ ಬಂತು ಮುದುಕಾ, ಮೂರು ಸಲ ಕರೆದೆ. ಸೂಪು ಆರ್ತಾ ಇದೆ ಅಂತ.”

“ಸೂಪಿನ ವಿಷಯಕ್ಕೆ ಇವ್ನ ಹತ್ರ ಯಾಕೆ ಮಾತು?”

ಗಾವ್ರಿಲ್ ನೆಲ ನೋಡಿದ. ನೆಲ ನೋಡುವವರನ್ನು ನಾನು ಬಲ್ಲೆ.

ಡಿಸೆಂಬರ್ 7

ಬೆಂಕಿ ಮಾತಾಡುತ್ತಿಲ್ಲ.

ಇದು ಸಣ್ಣ ವಿಷಯವಲ್ಲ. ನಮ್ಮ ಒಲೆಯ ಬೆಂಕಿ ಚಟಪಟ ಎಂದರೆ ಮನೆಗೆ ಏನೋ ಹೇಳುತ್ತಿದೆ ಎಂದು ಅರ್ಥ. ನಮ್ಮವ್ವ ಅದಕ್ಕೆ ಬೆಣ್ಣೆ ಹಾಕಿ ‘ಸರಿ ಅಜ್ಜಾ, ತಿಳೀತು’ ಎನ್ನುತ್ತಿದ್ದಳು. ಒಂದು ತಿಂಗಳಿಂದ ಅದು ಸುಮ್ಮನೆ ಉರಿಯುತ್ತದೆ, ಬಾಯಿ ಕಟ್ಟಿದ ಹಾಗೆ. ಹಸಿ ಸೌದೆ ತಂದಿದ್ದೀಯಾ ಎಂದು ಗಾವ್ರಿಲನಿಗೆ ಬೈದೆ. ಒಂದು ತುಂಡು ತಂದು ಮೂಗಿಗೆ ಹಿಡಿದ. ಒಣಗಿದ್ದೇ. ಅದೊಂದು ತುಂಡನ್ನು ತೋರಿಸಲೆಂದೇ ಇಟ್ಟುಕೊಂಡಿರಬೇಕು.

“ಬೆಂಕಿ ಬಾಯಿ ಮುಚ್ಚಿದ್ದು ಯಾವಾಗ? ನೋಡಿಲ್ಲಿ,” ಎಂದು ಮೋತ್ಯಾ ಏಪ್ರನ್ ಎತ್ತಿ ತೋರಿಸಿದಳು. ಕಿಡಿ ಸಿಡಿದು ಹೊಸದಾಗಿ ತೂತು ಬಿದ್ದಿದೆ ಅಂತೆ. ಅದು ಹಳೆಯ ತೂತು. ಆಗಿರಬೇಕು.

ಬೆಂಕಿ ಬಾಯಿ ಕಟ್ಟಿದ ಮನೆಗೆ ಕೇಡು ಬರುತ್ತದೆ ಎನ್ನುತ್ತಿದ್ದಳು ಅವ್ವ. ಎಲ್ಲಿಂದ ಬರುತ್ತದೆ ಎಂದು ಹೇಳಲಿಲ್ಲ. ನನಗೆ ಗೊತ್ತು.

ಡಿಸೆಂಬರ್ 11

ಥರ್ಮಾಮೀಟರ್ ಮೈನಸ್ ಐವತ್ತೆರಡು ತೋರಿಸುತ್ತಿದೆ. ಸುಳ್ಳು.

ಐವತ್ತು ದಾಟಿದರೆ ಬಿಟ್ಟ ಉಸಿರು ಅಲ್ಲೇ ಪುಡಿಯಾಗಿ ಕಿವಿಯ ಪಕ್ಕ ಸರಸರ ಎನ್ನುತ್ತದೆ, ಧಾನ್ಯ ಸುರಿದ ಹಾಗೆ. ಚಿಕ್ಕಂದಿನಿಂದ ಅದನ್ನು ಕೇಳಿಯೇ ನಾವು ಚಳಿ ಎಷ್ಟು ಎಂದು ಹೇಳುತ್ತಿದ್ದದ್ದು. ಅಂಗಳದಲ್ಲಿ ನಿಂತು ಉಸಿರು ಬಿಟ್ಟೆ. ಬಿಟ್ಟೆ, ಬಿಟ್ಟೆ. ಏನೂ ಇಲ್ಲ. ಹಿಮದ ಮೇಲೆ ಕಾಲಿಟ್ಟರೆ ಕಿರಕಿರ ಎನ್ನಬೇಕು. ಅದೂ ಇಲ್ಲ. ಹಾಗಾದರೆ ನಲವತ್ತರ ಮೇಲಿಲ್ಲ ಚಳಿ. ಗಾಜಿನ ಕೊಳವೆಯನ್ನು ಯಾರೋ ತಿರುಚಿದ್ದಾರೆ. ಚಳಿ ಹೆಚ್ಚೆಂದು ಹೆದರಿಸಿ ಮುದುಕನನ್ನು ಮನೆಯಲ್ಲೇ ಕೂರಿಸಲು.

ಸಿಟ್ಟು ತಡೆಯಲಿಲ್ಲ. ಮೂರು ವರ್ಷದ ಮೇಲೆ ಸ್ಪಿರಿದೋನನ ಅಂಗಳಕ್ಕೆ ಹೋದೆ, ಅವನ ಥರ್ಮಾಮೀಟರ್ ನೋಡಲು. ಅದೂ ಐವತ್ತೆರಡು. ಇಬ್ಬರದೂ ವರ್ವಾರಾಳ ಅಂಗಡಿಯದೇ.

ತಿರುಗಿದರೆ ಸ್ಪಿರಿದೋನ್ ನನ್ನ ಬೆನ್ನ ಹಿಂದೆ. ಬೆಕ್ಕಿನ ಹಾಗೆ ಬಂದಿದ್ದ.

“ಏನೋ ಒಪನಾಸ್, ಕಳ್ಳತನಕ್ಕೆ ಬಂದ್ಯಾ, ರಾಜಿಗೆ ಬಂದ್ಯಾ?” ಬಾಯಿ ನನ್ನ ಮುಖದ ಹತ್ತಿರ ತಂದು ಹೇಳಿದ. ಹಲ್ಲಿಲ್ಲದ ಬಾಯಿ.

“ನಿನ್ನ ಗಾಜಿನ ಕೊಳವೆ ಸುಳ್ಳು ಹೇಳತ್ತೆ ಅಂತ ಹೇಳೋಕೆ ಬಂದೆ.”

ಅವನು ಏನೋ ಉದ್ದಕ್ಕೆ ಹೇಳಿದ. ಗೊಣಗಾಟ, ಒಂದಕ್ಷರ ತಿಳಿಯಲಿಲ್ಲ. ಕೊನೆಗೆ ಬೆರಳೆತ್ತಿ ತನ್ನ ಕಿವಿಯ ಪಕ್ಕ ತಿರುಗಿಸಿದ. ನನಗೆ ತಲೆ ಕೆಟ್ಟಿದೆ ಎಂದು. ಮನೆಗೆ ಬಂದು ಮೋತ್ಯಾಗೆ ಹೇಳಿದೆ. ಅವಳು ನನ್ನನ್ನೇ ನೋಡಿದಳು, ಆಮೇಲೆ ಹಿಟ್ಟು ನಾದಲು ಹೋದಳು.

ಡಿಸೆಂಬರ್ 12

ಎಂಜಿನ್ ಇವತ್ತೂ ಸುಮ್ಮನಿತ್ತು. ಹೋಗಿ ನೋಡಿದೆ. ಓಡುತ್ತಿತ್ತು.

ಡಿಸೆಂಬರ್ 15

ಬಲೆ ಹಾಕಿದೆ. ಮಧ್ಯಾಹ್ನ ಊಟವಾದ ಮೇಲೆ ನಿದ್ದೆಗೆ ಹೋದ ಹಾಗೆ ಮಾಡಿ, ಹಿಂಬಾಗಿಲಿನಿಂದ ಹೋಗಿ ಲಾರಿ ಕ್ಯಾಬಿನ್ನಿನಲ್ಲಿ ಕುದುರೆ ಚರ್ಮ ಹೊದ್ದು ಅಡಗಿ ಕೂತೆ. ಬಂದವನನ್ನು ಕೊರಳಪಟ್ಟಿಗೇ ಹಿಡಿಯುವುದು.

ಬೆಚ್ಚಗಿತ್ತು. ಸ್ವಲ್ಪ ಕಣ್ಣು ಹತ್ತಿತು. ಬಿಟ್ಟಾಗ ಎಂಜಿನ್ ಸತ್ತ ಮೌನ. ಎದ್ದೆ, ಗೇರ್ ಬದಲಿಸುವ ಕೋಲಿಗೆ ಕೈ ಊರಿದೆ. ಕೋಲು ನಡುಗುತ್ತಿತ್ತು, ಕುದುರೆಯ ಮೈ ನಡುಗುವ ಹಾಗೆ, ಅಂಗೈಗೆ ಸರಿಯಾಗಿ ತಿಳಿಯುತ್ತಿತ್ತು.

ನನ್ನನ್ನು ನೋಡಿ ಓಡಿಹೋದನೇ? ಹಾಗಾದರೆ ಕೀಲಿ ಹಾಕಿದ ಕ್ಯಾಬಿನ್ನಿಗೆ ಹೇಗೆ ಬಂದ? ಇದನ್ನು ಯೋಚಿಸುತ್ತಿರುವಾಗಲೇ ಕಿಟಕಿಯ ಆಚೆ ಗಾವ್ರಿಲನ ಮುಖ. ಗಾಜು ಬಡಿಯುತ್ತಿದ್ದ. ಎಷ್ಟು ಹೊತ್ತಿನಿಂದಲೋ. ಬಾಗಿಲು ತೆಗೆದು ಕೊರಳಪಟ್ಟಿ ಹಿಡಿದೆ.

“ಯಾವತ್ತಿಂದ ಮಾಡ್ತಿದೀಯಾ ಇದನ್ನ?”

“ಯಾವುದನ್ನ, ದೊಡ್ಡಪ್ಪ? ಚಹಾ ತಂದಿದೀನಿ.” ಕೈಯಲ್ಲಿ ನಿಜವಾಗಿಯೂ ಚಹಾದ ಲೋಟ ಇತ್ತು. ಅರ್ಧ ನನ್ನ ತೋಳಿನ ಮೇಲೆ ಚೆಲ್ಲಿ ಅಲ್ಲೇ ಗಟ್ಟಿಯಾಯಿತು.

ಸಂಜೆ ಮೂವರೂ ಕೂತಾಗ ಅವನೇ ಮಾತು ತೆಗೆದ, ಜೋರಾಗಿ, ಒಂದೊಂದೇ ಮಾತು. “ಈ ಸಲ ಸರಕಿಗೆ ಪಟ್ಟಣಕ್ಕೆ ಹೋದಾಗ, ಅಲ್ಲಿ ಡಾಕ್ಟ್ರ ಹತ್ರ ಒಂದು ಗಳಿಗೆ ಹೋಗ್ಬರೋಣ ದೊಡ್ಡಪ್ಪ. ತೋರಿಸ್ಕೊಂಡು ಬಂದ್ರೆ ತಪ್ಪೇನು?”

“ಯಾರಿಗೆ ಕಾಯಿಲೆ?”

ಮೋತ್ಯಾ ಅವನ ಮೊಣಕಾಲಿಗೆ ಒದ್ದಳು. ಮೇಜಿನ ಕೆಳಗೆ. ನನಗೆ ಕಾಣುವುದಿಲ್ಲ ಎಂದುಕೊಂಡಿದ್ದಾಳೆ.

ಈಗ ಎಲ್ಲ ಬಿಡಿಸಿಕೊಂಡಿತು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಈ ಮುದುಕ ಓಡಿಸಲು ನಾಲಾಯಕ್ಕು ಎಂದು ಬರೆಸಿಕೊಳ್ಳುವುದು. ಆಮೇಲೆ ಸ್ಟೇರಿಂಗ್ ಇವನ ಕೈಗೆ. ನನ್ನ ಹೆಂಡತಿಯೂ ಇದರಲ್ಲಿದ್ದಾಳೆ. ಒಂದೇ ಹೊದಿಕೆಯಲ್ಲಿ ನಲವತ್ತೊಂದು ಚಳಿಗಾಲ ಕಳೆದವಳು.

“ನಾನು ಸತ್ತ ಮೇಲೆ ತಗೋ ಲಾರಿ. ಅಲ್ಲೀವರೆಗೆ ಮುಟ್ಟಿದ್ರೆ ಕೈ ಮುರೀತೀನಿ,” ಎಂದು ಎದ್ದುಬಿಟ್ಟೆ. ಸೂಪು ಮುಗಿಸಲಿಲ್ಲ.

ಡಿಸೆಂಬರ್ 18

ಇವತ್ತು ಹೊರಡುವುದು. ಹೊಸವರ್ಷದ ಸರಕು. ಇದೊಂದು ಬಾರದಿದ್ದರೆ ಊರ ಮಕ್ಕಳಿಗೆ ಸಿಹಿಯಿಲ್ಲ, ದೊಡ್ಡವರಿಗೆ ಹಿಟ್ಟಿಲ್ಲ. ಮೋತ್ಯಾ ಹಿಟ್ಟಿನ ದೋಸೆ ಮಾಡಿ ಮೊದಲನೆಯದನ್ನು ಒಲೆಗೆ ಹಾಕಿದಳು, ಇನ್ನು ಆರನ್ನು ದಾರಿಗೆಂದು ಕಟ್ಟಿಕೊಟ್ಟಳು. ಬೆಂಕಿ ಏನೂ ಹೇಳಲಿಲ್ಲ. ಅವಳು ಮಾತ್ರ ಕಿವಿಗೊಟ್ಟು ಕೇಳಿಸಿಕೊಂಡವಳ ಹಾಗೆ ತಲೆಯಾಡಿಸಿದಳು.

“ಏನಂತು?” ಎಂದೆ.

“ಬೇಗ ಬಾ ಅಂತು.” ಆಮೇಲೆ ನನ್ನ ಟೋಪಿಯ ಕಿವಿಗಳನ್ನು ಇಳಿಸಿ ಗಲ್ಲದ ಕೆಳಗೆ ಗಂಟು ಹಾಕಿದಳು, ಮಗುವಿಗೆ ಹಾಕುವ ಹಾಗೆ. ಒಳಗೊಳಗೇ ಅಪರಾಧ ಕಾಡುತ್ತಿರಬೇಕು.

ಗಾವ್ರಿಲ್ ಜೊತೆಗೆ ಬರುತ್ತಾನೆ. ಬಿಟ್ಟು ಹೋಗುವ ಹಾಗಿಲ್ಲ, ದಾರಿಯ ನಿಯಮ: ಚಳಿಗಾಲದಲ್ಲಿ ಒಬ್ಬನೇ ಹೋಗಬಾರದು. ಓಡಿಸುವುದು ನಾನು. ಡಾಕ್ಟರ ಬಾಗಿಲಿಗೆ ಕಾಲಿಡುವುದಿಲ್ಲ.

ಡಿಸೆಂಬರ್ 24

ಮನೆಯಲ್ಲಿದ್ದೇನೆ. ಬಲಗೈ ಊದಿದೆ, ಅಕ್ಷರ ಓಡುತ್ತಿವೆ. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯಬೇಕು. ಇದು ಸಾಕ್ಷಿ ಅಲ್ಲವೇ.

ಹೋಗುವಾಗ ತೊಂದರೆ ಇರಲಿಲ್ಲ. ಸರಕು ತುಂಬಿ ವಾಪಸು ಬರುವಾಗ ಘಾಟಿಯ ತುದಿಯಲ್ಲಿ ನಿಲ್ಲಿಸಿದೆ. ಎಲ್ಲ ಡ್ರೈವರುಗಳೂ ಅಲ್ಲಿರುವ ಒಂಟಿ ಮರಕ್ಕೆ ಕುದುರೆ ಕೂದಲು ಕಟ್ಟಿ, ದೋಸೆಯ ಚೂರು ಇಟ್ಟು ಮುಂದೆ ಹೋಗುವುದು. ಕಟ್ಟಿದೆವು. ಅಲ್ಲಿಂದ ಕೆಳಗೆ ಉದ್ದನೆಯ ಇಳಿಜಾರು. ಅದರ ಬುಡದಲ್ಲಿ ನೆಲದ ಊಟೆ ಒಡೆದು ರಸ್ತೆ ಮೇಲೆ ನೀರು ಹರಿದಿತ್ತು, ಮೇಲೆ ತೆಳ್ಳನೆಯ ಹಿಮದ ಪದರ. ಎಷ್ಟೇ ಚಳಿಯಿರಲಿ, ಆ ಊಟೆ ಕೇಳುವುದಿಲ್ಲ. ಚಕ್ರ ಸಿಕ್ಕಿಕೊಂಡರೆ ಅಲ್ಲೇ ಕಲ್ಲಾಗಿ ಹಿಡಿದುಬಿಡುತ್ತದೆ. ಯಾವ ಬದಿಯಲ್ಲಿ ಗಟ್ಟಿಯಿದೆ ನೋಡಿ ಬರುತ್ತೇನೆಂದು ಗಾವ್ರಿಲ್ ಕೋಲು ಹಿಡಿದು ಇಳಿದು ಹೋದ. ನಾನು ಕ್ಯಾಬಿನ್ನಿನಲ್ಲಿ. ಎಂಜಿನ್ ಓಡುತ್ತಿತ್ತು.

ಕಣ್ಣು ಒಂದು ಚಿಟಿಕೆ ಮುಚ್ಚಿದೆ.

ತೆರೆದಾಗ ಮೌನ. ಇದುವರೆಗೆ ಅಂಗಳದಲ್ಲಿ ಕೇಳಿದ್ದೇ ಮೌನ, ಆದರೆ ಇಲ್ಲಿ ಸುತ್ತ ನೂರು ಮೈಲಿ ಹಿಮ. ಗಾವ್ರಿಲ್ ಇಳಿಜಾರಿನ ಬುಡದಲ್ಲಿ ಕಪ್ಪು ಚುಕ್ಕೆ. ನಿಲ್ಲಿಸಿ ಹೋಗಿದ್ದಾನೆ, ನನ್ನನ್ನು ಇಲ್ಲೇ ಹೆಪ್ಪುಗಟ್ಟಿಸಲು, ಎಂದು ಅನ್ನಿಸಿದ್ದು ನಿಜ. ಬೇರೇನೂ ಯೋಚಿಸಲಿಲ್ಲ. ಗೇರಿನ ಕೋಲು ಮುಟ್ಟಲಿಲ್ಲ. ಕೀಲಿಯನ್ನು ಹಿಂದಕ್ಕೆ ತಿರುಗಿಸಿ, ಮುಂದಕ್ಕೆ ತಿರುಗಿಸಿ ಸೆಲ್ಫ್ ಹೊಡೆದೆ. ಹೊಡೆಯುತ್ತಲೇ ಇದ್ದೆ. ಹಿಡಿಯಲಿಲ್ಲ. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಸುಟ್ಟ ತಂತಿಯ ವಾಸನೆ ಬಂತು. ಮೂರನೇ ಸಲ ಕೀಲಿ ತಿರುಗಿತು, ಬೇರೇನೂ ತಿರುಗಲಿಲ್ಲ. ಈಗ ಕೋಲು ಮುಟ್ಟಿದೆ. ಕೋಲು ಸತ್ತಿತ್ತು.

ಗಾವ್ರಿಲ್ ಓಡುತ್ತಾ ಬಂದ. ರೆಪ್ಪೆಯ ಮೇಲೆಲ್ಲ ಮಂಜು. ಬಾಗಿಲು ಕಿತ್ತ ಹಾಗೆ ತೆಗೆದು ಮುಖಕ್ಕೇ ಕೂಗಿದ.

“ಯಾಕೆ ಆಫ್ ಮಾಡಿದ್ರಿ?”

“ನೀನು ಮಾಡ್ದೆ.”

“ನಾನು ಕೆಳಗಿದ್ದೆ ದೊಡ್ಡಪ್ಪ. ಅಲ್ಲೀವರ್ಗೂ ಕೇಳ್ತಿತ್ತು ಎಂಜಿನ್ನು. ನೀವೇ ಆಫ್ ಮಾಡಿದ್ರಿ. ಮತ್ತೆ ಹೊಡೆದ್ರಿ, ಹಿಡೀತು. ಹಿಡಿದ್ಮೇಲೂ ಸೆಲ್ಫ್ ಬಿಡ್ಲಿಲ್ಲ. ಹಂದಿ ಕೊಯ್ದ ಹಾಗೆ ಕಿರುಚ್ತಿತ್ತು ಅದು. ಬೆಟ್ಟಕ್ಕೆಲ್ಲ ಕೇಳಿಸ್ತು.”

ಆಮೇಲೆ ಇನ್ನೊಂದು ಮಾತು ಹೇಳಿದ. ಕಿವಿಯ ವಿಷಯ. ಅದನ್ನು ಇಲ್ಲಿ ಬರೆಯುವುದಿಲ್ಲ.

ಕೀಲಿ ನನ್ನ ಕೈಯಲ್ಲೇ ಇತ್ತು ಎಂಬುದನ್ನು ಬರೆಯುತ್ತೇನೆ, ಯಾಕೆಂದರೆ ಇತ್ತು.

ಸೆಲ್ಫ್ ಮೋಟರ್ ಬಿಚ್ಚಿದೆವು. ಒಳಗೆಲ್ಲ ಕಪ್ಪು. ನಕಲಿ ಮಾಲು, ಅಸಲಿಯಾಗಿದ್ದರೆ ತಡೆಯುತ್ತಿತ್ತು. ಬಿಚ್ಚಿ ನೋಡಿ ಬೈದು ಮುಗಿಸುವಷ್ಟರಲ್ಲಿ ಎಂಜಿನ್ ತಣ್ಣಗಾಗಿತ್ತು. ಬೆಳಕು ಆಗಲೇ ಇಳಿಯುತ್ತಿತ್ತು, ಈ ತಿಂಗಳಲ್ಲಿ ಹಗಲೆಂದರೆ ಏನು, ಕಣ್ಣು ಮಿಟುಕಿಸಿದಷ್ಟೇ. ಹಿಂದೆ ಬರುವ ಗಾಡಿ ಇಲ್ಲ, ಹಬ್ಬಕ್ಕೆ ಮುಂಚೆ ಹೊರಟವರಲ್ಲಿ ನಾವೇ ಕೊನೆಯವರು. ಕ್ಯಾಬಿನ್ನಿನಲ್ಲಿ ಕೂತರೆ ಬೆಳಗಾಗುವುದರೊಳಗೆ ಇಬ್ಬರೂ ಸರಕಿನ ಜೊತೆ ಸರಕು.

“ಈಗೇನು?” ಎಂದ. ಅವನ ಮುಖ ನೋಡಿದೆ. ಹೆದರಿದ್ದ. ಲಾರಿ ಕದಿಯಲು ಬಂದವನು ಹಾಗೆ ಹೆದರುವುದಿಲ್ಲ, ಓಡಿಹೋಗುತ್ತಾನೆ. ಹೋಗಲು ಜಾಗ ಇರಲಿಲ್ಲ ಎಂಬುದೂ ನಿಜ.

“ಸೌದೆ ಕಡಿ,” ಎಂದೆ.

ಒಣಗಿ ನಿಂತ ಮರ ಎರಡು ಕೆಡವಿದ. ಡೀಸೆಲ್ ಅದ್ದಿದ ಬಟ್ಟೆಯಿಂದ ಬೆಂಕಿ ಹೊತ್ತಿಸಿದೆವು. ಉರಿ ಎಂಜಿನ್ನಿಗೆ ತೋರಿಸಬಾರದು, ಕೆಂಡ ಮಾತ್ರ. ಕೆಂಡವಾದ ಮೇಲೆ ತಗಡಿನ ಮೇಲೆ ಎಳೆದು ಆಯಿಲ್ ಚೇಂಬರಿನ ಕೆಳಗೆ ಒಂದು ರಾಶಿ, ಗೇರ್‌ಬಾಕ್ಸಿನ ಕೆಳಗೆ ಒಂದು ರಾಶಿ. ಸುತ್ತ ತಾಡಪಾಲು ಇಳಿಬಿಟ್ಟು ಗುಡಾರದ ಹಾಗೆ. ಡೀಸೆಲ್ ಪೈಪಿಗೆ ಬ್ಲೋಲ್ಯಾಂಪಿನ ಬಿಸಿ, ದೂರದಿಂದ, ಹಸುಗೂಸಿಗೆ ಶಾಖ ಕೊಟ್ಟ ಹಾಗೆ. ಕೈಗವಸು ತೆಗೆಯಬೇಡ ಎಂದರೂ ತೆಗೆದ, ಒಂದು ಬೆರಳಿನ ಚರ್ಮ ನಟ್ಟಿಗೆ ಅಂಟಿ ಉಳಿಯಿತು.

ಉಳಿದಿದ್ದ ದೋಸೆ ಒಂದನ್ನು ಅವನೇ ಬೆಂಕಿಗೆ ಹಾಕಿದ. ನನಗೆ ನೆನಪಿರಲಿಲ್ಲ. ಆಮೇಲೆ ತಲೆ ಓರೆ ಮಾಡಿ ನಿಂತ.

“ಬೆಂಕಿ ಮಾತಾಡ್ತಿದೆ ದೊಡ್ಡಪ್ಪ,” ಎಂದು ಕೂಗಿದ.

ನೋಡಿದೆ. ಕಿಡಿ ಹಾರುತ್ತಿದ್ದವು. ಕಿಡಿ ಹಾರಿದರೆ ಸದ್ದೂ ಇರಲೇಬೇಕು.

“ಏನಂತೆ?”

“ಮುದುಕ ಹೇಳಿದ ಹಾಗೆ ಮಾಡು ಅಂತಿದೆ.”

ಆಯಿಲ್ ಅಳೆಯುವ ಕಡ್ಡಿ ತೆಗೆದು ನೋಡಿದೆ. ತುದಿಯಿಂದ ಹನಿ ಬಿತ್ತು, ಜೇನಿನ ಹಾಗೆ. ಸಾಕು. ಇನ್ನು ಇಳಿಜಾರಿನಲ್ಲಿ ಉರುಳಿಸಿ, ಗೇರಿನಲ್ಲಿ ಕ್ಲಚ್ ಬಿಟ್ಟು ಎಬ್ಬಿಸಬೇಕು. ಒಂದೇ ಅವಕಾಶ. ಇಳಿಜಾರು ಮುಗಿದರೆ ನೀರು.

“ನಾನು ಓಡಿಸ್ತೀನಿ,” ಎಂದ ಗಾವ್ರಿಲ್.

“ತಣ್ಣಗಿರೋ ಗಾಡೀನ ಯಾವತ್ತಾದ್ರೂ ಹೀಗೆ ಎಬ್ಬಿಸಿದೀಯಾ?”

“ನೀವು ಯಾವತ್ತು ನಿಲ್ಸಿದ್ರಿ, ನಾನು ಕಲಿಯೋಕೆ?”

“ಹಾಗಾದ್ರೆ ನಾನೇ ಕೂರ್ತೀನಿ.”

“ಕೂತ್ಕೊಳಿ. ಹಿಡಿದಿದ್ದು ನಿಮ್ಗೆ ಹೇಗೆ ಗೊತ್ತಾಗತ್ತೆ?”

ಹಿಡಿದ ಕ್ಷಣ ಕ್ಲಚ್ ಒತ್ತಿ ಆಕ್ಸಿಲರೇಟರ್ ಕೊಡಬೇಕು. ಒಂದು ಉಸಿರು ತಡವಾದರೆ ಕೆಮ್ಮಿ ಸಾಯುತ್ತದೆ. ನಲವತ್ತೈದು ವರ್ಷ ಅದನ್ನು ನಾನು ಕೇಳಿ ಮಾಡಿದವನು. ಇಳಿಜಾರಿನಲ್ಲಿ ಇಡೀ ಗಾಡಿ ಕುಲುಕುವಾಗ ಕೈಗೂ ತಿಳಿಯುವುದಿಲ್ಲ. ಅವನ ಮುಖ ನೋಡದೆ ಹೇಳಿದೆ:

“ನೀನು ಪಕ್ಕದಲ್ಲಿ ಕೂತ್ಕೊ. ಬಾಯಿ ಮುಚ್ಕೊಂಡು ಕೇಳು. ಹಿಡೀತು ಅಂದ ಕೂಡ್ಲೇ ನನ್ನ ಭುಜಕ್ಕೆ ಗುದ್ದು.”

ಅವನು ನಗಲಿಲ್ಲ. ನಕ್ಕಿದ್ದರೆ ಇಳಿಸಿಬಿಡುತ್ತಿದ್ದೆ.

ಚಕ್ರದ ಕೆಳಗಿನ ಮರದ ತುಂಡು ಒದ್ದು ತೆಗೆದು ಹತ್ತಿದ. ನಿಂತ ಜಾಗದಲ್ಲಿ ಟಯರುಗಳು ಚಪ್ಪಟೆಯಾಗಿ ಗಟ್ಟಿಯಾಗಿದ್ದವು, ಮೊದಲು ಕುಂಟಿದ ಹಾಗೆ ಹೊರಟಿತು. ಆಮೇಲೆ ಸರಕಿನ ಭಾರ ದೂಡಿತು. ಗೇರ್ ಹಾಕಿ ಕ್ಲಚ್ ಬಿಟ್ಟೆ. ಹಿಂದಿನ ಚಕ್ರ ಜಾರಿದವು, ಗಾಡಿ ಗಡಗಡ ನಡುಗಿತು. ಗಾವ್ರಿಲನ ಕಡೆ ನೋಡಿದೆ. ಕಣ್ಣು ಮುಚ್ಚಿ ಕೂತಿದ್ದ, ತಲೆಯಾಡಿಸಿದ: ಇಲ್ಲ. ಕ್ಲಚ್ ಒತ್ತಿದೆ, ಇನ್ನಷ್ಟು ಓಡಲು ಬಿಟ್ಟೆ, ಮತ್ತೆ ಕ್ಲಚ್ ಬಿಟ್ಟೆ. ಇಲ್ಲ. ನೀರಿನ ಮೇಲಿನ ಬೂದು ಪದರ ಕಾಣಿಸುತ್ತಿತ್ತು, ಅದರಿಂದ ಎದ್ದ ಮಂಜೂ ಕಾಣಿಸುತ್ತಿತ್ತು. ಈ ಸಲ ಆಗದಿದ್ದರೆ ಹಿಮದ ದಿಬ್ಬಕ್ಕೆ ತಿರುಗಿಸಬೇಕು, ತಿರುಗಿಸಿದರೆ ಮತ್ತೆ ಹೊರಗೆಳೆಯುವವರಿಲ್ಲ. ಮೂರನೇ ಸಲ ಕ್ಲಚ್ ಬಿಟ್ಟೆ.

ಗುದ್ದು ಬಿತ್ತು.

ಕ್ಲಚ್ ಒತ್ತಿದೆ, ಆಕ್ಸಿಲರೇಟರ್ ಕೊಟ್ಟೆ. ಕನ್ನಡಿಯಲ್ಲಿ ಕಪ್ಪು ಹೊಗೆ ಎದ್ದು ನಿಂತಿತು. ಬ್ರೇಕು. ಲಾರಿ ಮೂತಿ ಬಗ್ಗಿಸಿದರೆ ನೀರು ಮುಟ್ಟುವಷ್ಟು ದೂರದಲ್ಲಿ ನಿಂತೆವು. ಕೋಲಿಗೆ ಅಂಗೈ ಇಟ್ಟೆ. ಬದುಕಿತ್ತು.

ಅವನು ಇನ್ನೂ ಗುದ್ದುತ್ತಲೇ ಇದ್ದ.

“ಸಾಕು ನಿಲ್ಸೋ, ತಿಳೀತು,” ಎಂದೆ.

ಸೆಲ್ಫ್ ಇಲ್ಲದ ಗಾಡಿ, ಇನ್ನು ಮನೆಯ ತನಕ ಎಲ್ಲಿ ನಿಂತರೂ ಮುಗಿಯಿತು. ನಿಲ್ಲುತ್ತಿದೆಯೋ ಇಲ್ಲವೋ ಎಂದು ಕೇಳುವವನು ಸ್ಟೇರಿಂಗಿನ ಹಿಂದೆ ಇರುವುದು ಮೇಲು. ನಾನೇ ಇಳಿದು ಸುತ್ತಿ ಬಂದು ಆ ಬದಿಯ ಬಾಗಿಲು ತೆಗೆದೆ. “ಆ ಕಡೆ ಸರಿ,” ಎಂದೆ. ಅವನು ಸರಿಯುವಾಗ ಏನೋ ಹೇಳಲು ಬಾಯಿ ತೆಗೆದ. ಹೇಳಬೇಡ ಎಂದು ಕೈ ತೋರಿಸಿದೆ. ಗಟ್ಟಿಯಿದ್ದ ಬದಿಯನ್ನು ಕೋಲಿನಿಂದ ನೋಡಿಟ್ಟಿದ್ದ, ಅಲ್ಲಿಂದಲೇ ನೀರು ದಾಟಿಸಿದ. ಮನೆಯ ತನಕ ನನ್ನ ಅಂಗೈ ಗೇರಿನ ಕೋಲಿನ ಮೇಲೆಯೇ ಇತ್ತು. ಅವನು ಗೇರ್ ಬದಲಿಸಬೇಕಾದಾಗ ಕೈ ಎತ್ತುತ್ತಿದ್ದೆ, ಆಮೇಲೆ ಮತ್ತೆ ಇಡುತ್ತಿದ್ದೆ. ಪ್ರತಿ ಸಲ ಅವನು ಕಾದ.

ಭುಜ ಈಗಲೂ ನೋಯುತ್ತಿದೆ. ನೀಲಿಗಟ್ಟಿದೆ. ಅಷ್ಟು ಜೋರಾಗಿ ಗುದ್ದುವ ಅಗತ್ಯವಿರಲಿಲ್ಲ. ಮೊದಲಿನಿಂದಲೂ ಮನಸ್ಸಿನಲ್ಲಿಟ್ಟುಕೊಂಡಿದ್ದ.

ಡಿಸೆಂಬರ್ 26

ವರ್ವಾರಾ ಬಂದು ಸರಕು ನೋಡಿಕೊಂಡು ಹೋದಳು. ದಾರಿಯಲ್ಲಿ ನಿಂತದ್ದು ಅವಳಿಗೆ ಗೊತ್ತಾಗಿತ್ತು, ಇಂಥದ್ದು ಮುಚ್ಚಿಡಲು ಆಗುವುದಿಲ್ಲ. ನಾನು ಬಾಯಿ ತೆಗೆಯುವ ಮೊದಲೇ ಗಾವ್ರಿಲ್ ಹೇಳಿದ: “ಸೆಲ್ಫು ಸುಟ್ಟಿದ್ದು ನನ್ನಿಂದ ಅಕ್ಕ. ಗೊತ್ತಾಗ್ದೆ ಒತ್ತಿ ಹಿಡಿದ್ಬಿಟ್ಟೆ. ದೊಡ್ಡಪ್ಪ ಇಲ್ದಿದ್ರೆ ನಿನ್ನ ಹಿಟ್ಟು ಘಾಟಿ ಮೇಲೆ ಇರ್ತಿತ್ತು.” ಅವಳು ನನ್ನನ್ನು ನೋಡಿದಳು, ಅವನನ್ನು ನೋಡಿದಳು, ಮುಂದಿನ ಸರಕು ಹದಿನೈದಕ್ಕೆ ಎಂದು ಹೋದಳು.

ಯಾಕೆ ಹಾಗೆ ಹೇಳಿದ? ಏನೋ ಇದೆ.

ಮಧ್ಯಾಹ್ನ ಸ್ಪಿರಿದೋನ್ ಚೀಲದಲ್ಲಿ ಏನೋ ಹೊತ್ತು ಬಂದ. ಹಳೆಯ ಸೆಲ್ಫ್ ಮೋಟರ್, ಒರೆಸಿ ಹೊಳಪಿಸಿದ್ದು. ಮೇಜಿನ ಮೇಲೆ ಇಟ್ಟು ನನ್ನ ಕಿವಿಗೇ ಬಾಯಿ ಹಚ್ಚಿದ. “ನನ್ನ ಎಡಗಿವಿ ಹೋಗಿ ಆರು ವರ್ಷ ಆಯ್ತಲ್ಲೋ. ಬಲೆ ಜಗಳದ ದಿನ ನೀನು ಏನು ಬೈದೆ ಅಂತ ಇವತ್ತಿಗೂ ಪೂರ್ತಿ ಗೊತ್ತಿಲ್ಲ ನಂಗೆ. ಅವತ್ತು ಅಂಗಳದಲ್ಲಿ ಇದನ್ನೇ ಹೇಳ್ತಿದ್ದೆ.”

“ಪೂರ್ತಿ ಕೇಳಿದ್ರೆ ಸೆಲ್ಫು ಕೊಡ್ತಿರ್ಲಿಲ್ಲ,” ಎಂದೆ.

ಮೋತ್ಯಾ ಮೂರು ಲೋಟ ಚಹಾ ಇಟ್ಟಳು. ಅವನು ಕುಡಿದು ಹೋದ. ಆ ಮೋಟರನ್ನು ಬಿಚ್ಚಿ ನೋಡಿದೆ, ಒಳಗೆ ಮೋಸ ಏನೂ ಕಾಣಲಿಲ್ಲ. ಇನ್ನೊಮ್ಮೆ ನೋಡಬೇಕು.

ಬೂಟು ಬಾಗಿಲ ಹತ್ತಿರ ಇಟ್ಟಿದ್ದೇನೆ. ದಿಂಬಿನ ಕೆಳಗೆ ಕುತ್ತಿಗೆಗೆ ಒತ್ತುತ್ತದೆ.

ಜನವರಿ 3

ಗಾವ್ರಿಲ್ ಲಾರಿಯನ್ನು ಅಂಗಳದ ನಡುವೆ ನಿಲ್ಲಿಸದೆ, ಮೂತಿಯನ್ನು ಮನೆಯ ಗೋಡೆಗೆ ತಂದು ನಿಲ್ಲಿಸಿದ್ದಾನೆ. ಬಂಪರಿಗೂ ಗೋಡೆಯ ಮರಕ್ಕೂ ನಡುವೆ ಒಂದು ದಿಮ್ಮಿ ಸಿಕ್ಕಿಸಿದ್ದಾನೆ. ಅದೂ ಸರಿಯಾಗಿ ನನ್ನ ಹಾಸಿಗೆ ಇರುವ ಮೂಲೆಗೆ. ಮನೆ ಬೀಳಿಸುವ ಯೋಚನೆಯೇ? ಮೋತ್ಯಾಳನ್ನು ಕೇಳಿದರೆ ಬೆನ್ನು ತಿರುಗಿಸಿಕೊಂಡು ಹಿಟ್ಟು ನಾದುತ್ತಾಳೆ. ಇಬ್ಬರೂ ಸೇರಿ ಮಾಡಿದ್ದು. ಊಟವಾದ ಮೇಲೆ ಕರೆದು ಸರಿಯಾಗಿ ಉಗಿಯಬೇಕು.

ಊಟವಾದ ಮೇಲೆ ಸ್ವಲ್ಪ ಒರಗಿದೆ. ಕೈ ಗೋಡೆಗೆ ತಾಗಿತು. ಗೋಡೆಯ ದಿಮ್ಮಿ ಸಣ್ಣಗೆ ನಡುಗುತ್ತಿತ್ತು. ಅದರ ಮೇಲಿನದೂ. ಮಂಚದ ಕಾಲೂ. ಬೆನ್ನಿನ ಕೆಳಗಿನಿಂದ ಎದೆಯ ತನಕ ಎಂಜಿನ್ ಗುರ್ ಎನ್ನುತ್ತಲೇ ಇತ್ತು. ಬೆಳಕು ಹೋಗುವ ತನಕ ನಿದ್ದೆ ಮಾಡಿದೆ. ನವೆಂಬರ್‌ನಿಂದ ಅಷ್ಟು ಮಲಗಿರಲಿಲ್ಲ.

ಎದ್ದು ಹೊರಗೆ ಹೋಗಿ ನೋಡಿದೆ. ಬಂಪರಿಗೆ ಸಿಕ್ಕಿಸಿದ ದಿಮ್ಮಿ ಸ್ವಲ್ಪ ಸಡಿಲವಾಗಿತ್ತು. ಅವನು ಮಾಡಿದ ಕೆಲಸ ಎಲ್ಲವೂ ಹೀಗೇ. ಕೊಡಲಿ ತಂದು ಪಕ್ಕಕ್ಕೆ ಇನ್ನೊಂದು ಬೆಣೆ ನಾನೇ ಹೊಡೆದೆ.